ಬ್ಯಾಂಕಿನ ಆ್ಯಪ್ ಚೆನ್ನಾಗಿದ್ದರೆ ಷೇರೂ ಏರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕ್ ಷೇರುಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಪತ್ರಗಳಲ್ಲಿ, ವಾಟ್ಸಾಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. "ಯಾವ ಬ್ಯಾಂಕ್ ಷೇರು ತಗೊಳ್ಳಲಿ?" ಅನ್ನೋ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರ ಅಲ್ಲ.

## ಮೊದಲ ಪ್ರಶ್ನೆಗಳು

"ಡಿಜಿಟಲ್ ಪರಿವರ್ತನೆ ಅಂದ್ರೆ ಒಂದು ಆ್ಯಪ್ ಮಾಡೋದು, ಅಷ್ಟೇ ಅಲ್ವಾ?"

ಆ್ಯಪ್ ಮನೆಯ ಮುಂಬಾಗಿಲು ಮಾತ್ರ. ಅಡುಗೆ ಆಗೋದು ಒಳಗೆ.

ಒಳಗಿರುವುದು ಕೋರ್ ಬ್ಯಾಂಕಿಂಗ್. ನಿಮ್ಮ ಖಾತೆ ಶಾಖೆಯ ಲೆಡ್ಜರಿನಲ್ಲಿ ಇರದೆ ಬ್ಯಾಂಕಿನ ಕೇಂದ್ರ ಕಂಪ್ಯೂಟರಿನಲ್ಲಿ ಇರುವ ಏರ್ಪಾಡು ಅದು. ಇನ್ಫೋಸಿಸ್‌ನ ಫಿನಾಕಲ್ ಈ ಕೆಲಸ ಮಾಡುವ ಸಾಫ್ಟ್‌ವೇರ್, ನಮ್ಮ ಬೆಂಗಳೂರಿನದೇ. ಅದರ ಮೇಲೆ ಇನ್ನೊಂದು ಪದರ: ಸಾಲ ಕೊಡಬೇಕೋ ಬೇಡವೋ ಅಂತ ನಿಮ್ಮ ಖಾತೆಯ ಚಲನವಲನ ನೋಡಿ ಲೆಕ್ಕ ಹಾಕುವ ವ್ಯವಸ್ಥೆ. ಇವೆರಡೂ ನಿಮಗೆ ಕಾಣುವುದಿಲ್ಲ, ಖರ್ಚೆಲ್ಲ ಇಲ್ಲೇ.

ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜುಲೈ 13ರಂದು ತನ್ನ ಕೋರ್ ವ್ಯವಸ್ಥೆಯನ್ನು ಹೊಸ ವೇದಿಕೆಗೆ ವರ್ಗಾಯಿಸಿತು. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಗಿನ ಜಾವ 3ರಿಂದ ಸಂಜೆ 4.30ರವರೆಗೆ ಬಹಳಷ್ಟು ಸೇವೆಗಳು ಬಂದ್ ಇರುತ್ತವೆ ಅಂತ ಮೊದಲೇ ಹೇಳಿತ್ತು. ಮಾರನೇ ದಿನ ಆ್ಯಪ್ ತೆರೆದರೆ ಅದೇ ಬಣ್ಣ, ಅದೇ ಗುಂಡಿಗಳು. ಅಷ್ಟು ದೊಡ್ಡ ಕೆಲಸ ಆಗಿದ್ದು ಗ್ರಾಹಕರ ಕಣ್ಣಿಗೆ ಬೀಳಲಿಲ್ಲ. ಚೆನ್ನಾಗಿ ಆಯಿತು ಅನ್ನೋಕೆ ಅದೇ ಗುರುತು.

"ಯೋನೋ ಆ್ಯಪ್‌ಗೇ ಲಕ್ಷಗಟ್ಟಲೆ ಕೋಟಿ ಬೆಲೆ ಇದೆ ಅಂದಿದ್ರಲ್ಲ, ಅದೇನಾಯ್ತು?"

ಒಳ್ಳೆ ಪ್ರಶ್ನೆ. ಇಡೀ ವಿಷಯದ ತಿರುಳು ಇದರಲ್ಲೇ ಇದೆ.

ಎಸ್‌ಬಿಐ ಯೋನೋ ಶುರು ಮಾಡಿದ್ದು 2017ರ ನವೆಂಬರ್‌ನಲ್ಲಿ. 2020ರಲ್ಲಿ ಆಗಿನ ಅಧ್ಯಕ್ಷ ರಜನೀಶ್ ಕುಮಾರ್, ಯೋನೋದ ಬೆಲೆ 40 ಬಿಲಿಯನ್ ಡಾಲರಿಗೆ ಕಮ್ಮಿ ಇರಲಾರದು ಎಂದರು. ಆಗಿನ ಲೆಕ್ಕದಲ್ಲಿ ಸುಮಾರು 2.9 ಲಕ್ಷ ಕೋಟಿ ರೂಪಾಯಿ. ಆಗ ಎಸ್‌ಬಿಐ ಷೇರು 200ರ ಆಸುಪಾಸಿನಲ್ಲಿತ್ತು. ಅಂದರೆ ಇಡೀ ಬ್ಯಾಂಕಿಗೆ ಪೇಟೆ ಕಟ್ಟಿದ್ದ ಬೆಲೆ 1.8 ಲಕ್ಷ ಕೋಟಿಯ ಸುತ್ತಮುತ್ತ! ಹಸುವಿಗಿಂತ ಕೆಚ್ಚಲಿಗೆ ಜಾಸ್ತಿ ಬೆಲೆ ಅಂದಂಗಾಯಿತು.

ಆ ಮಾತಿಗೆ ಪೇಟೆ ಬಗ್ಗಲಿಲ್ಲ. ಷೇರು ಏರಿದ್ದು ಆಮೇಲೆ, ಬೇರೆ ಕಾರಣಕ್ಕೆ. 2019-20ರಲ್ಲಿ ಬ್ಯಾಂಕಿನ ನಿವ್ವಳ ಲಾಭ 14,488 ಕೋಟಿ. 2023-24ರಲ್ಲಿ 61,077 ಕೋಟಿ. ಅಂದರೆ ನಾಲ್ಕು ಪಟ್ಟಿಗೆ ತುಸು ಜಾಸ್ತಿ. ಷೇರು 2024ರ ಜೂನ್ ಹೊತ್ತಿಗೆ 800 ದಾಟಿತ್ತು, ಅದೂ ನಾಲ್ಕು ಪಟ್ಟು. ಈ ಎರಡು ಸಾಲನ್ನು ಅಕ್ಕಪಕ್ಕ ಬರೆದು ನೋಡಿ. ಲಾಭ ನಡೆದ ದಾರಿಯಲ್ಲೇ ಷೇರು ನಡೆದಿದೆ.

ಹಾಗಂತ ಯೋನೋ ದಂಡ ಅಲ್ಲ. ಹೊಸ ಉಳಿತಾಯ ಖಾತೆಗಳಲ್ಲಿ ದೊಡ್ಡ ಪಾಲು ಅದರಲ್ಲೇ ತೆರೆಯುತ್ತದೆ, ವೈಯಕ್ತಿಕ ಸಾಲ ಅದರಲ್ಲೇ ಹೋಗುತ್ತದೆ. ಅದರ ಫಲ ಲಾಭದ ಒಳಗೇ ಸೇರಿಕೊಂಡಿದೆ. ಆ್ಯಪ್‌ಗೆ ಅಂತ ಬೇರೆ ಬೆಲೆ ಕಟ್ಟೋಕೆ ಪೇಟೆ ತಯಾರಿಲ್ಲ, ಅಷ್ಟೇ.

"ಯುಪಿಐ ಇಷ್ಟು ಜೋರಾಗಿದೆ. ಬ್ಯಾಂಕುಗಳು ಭರ್ಜರಿ ದುಡ್ಡು ಮಾಡ್ತಿರಬೇಕಲ್ಲ?"

ಇಲ್ಲ. ಯುಪಿಐನಲ್ಲಿ ಅಂಗಡಿಯವರಿಂದ ಶುಲ್ಕ ವಸೂಲಿ ಮಾಡುವ ಹಾಗಿಲ್ಲ ಅನ್ನೋ ನಿಯಮ 2020ರ ಜನವರಿ 1ರಿಂದ ಇದೆ. 2024-25ರಲ್ಲಿ 18,500 ಕೋಟಿ ಸಲಕ್ಕೂ ಜಾಸ್ತಿ ಯುಪಿಐ ವ್ಯವಹಾರ ನಡೆಯಿತು. ಒಂದೊಂದಕ್ಕೂ ಬ್ಯಾಂಕಿನ ಸರ್ವರ್ ಓಡಬೇಕು. ಕೇಂದ್ರ ಸರ್ಕಾರ ಆ ವರ್ಷಕ್ಕೆ ಸಣ್ಣ ವ್ಯಾಪಾರಿಗಳ ವ್ಯವಹಾರಕ್ಕೆಂದು 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿತು. ಸುಮ್ನೆ ಎಲ್ಲ ವ್ಯವಹಾರಕ್ಕೂ ಹಂಚಿ ನೋಡಿ, ಒಂದಕ್ಕೆ 8 ಪೈಸೆ.

ಮೇಲಾಗಿ ಮುಖ ತೋರಿಸುವವರು ಬೇರೆ. ಯುಪಿಐ ವ್ಯವಹಾರದಲ್ಲಿ ಹೆಚ್ಚುಕಮ್ಮಿ ಶೇ 80ರಷ್ಟು ಫೋನ್‌ಪೇ ಮತ್ತು ಗೂಗಲ್ ಪೇ ಮೂಲಕ ಹೋಗುತ್ತದೆ. ದುಡ್ಡು ಇರುವುದು ಬ್ಯಾಂಕಿನಲ್ಲಿ, ಗ್ರಾಹಕ ನೋಡುವುದು ಬೇರೆಯವರ ಪರದೆ. ಬ್ಯಾಂಕಿಗೆ ಸಿಗುವುದು ಪರೋಕ್ಷ ಲಾಭ: ಎಟಿಎಂಗೆ ನೋಟು ತುಂಬುವ ಖರ್ಚು ತಗ್ಗುತ್ತದೆ, ವ್ಯಾಪಾರಿಯ ಖಾತೆಯಲ್ಲಿ ಹಣ ನಿಲ್ಲುತ್ತದೆ, ಅವನ ವ್ಯಾಪಾರದ ಜಾಡು ಸಿಗುತ್ತದೆ.

"ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಬೋರ್ಡ್ ಹಾಕಿದ್ರಲ್ಲ. ಬ್ಯಾಂಕ್ ಷೇರಿಗೆ ಪೆಟ್ಟು ಬಿತ್ತಾ?"

2025ರ ಜುಲೈ ಮಾತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ನಮ್ಮ ರಸ್ತೆ ತುದಿಯ ಬೇಕರಿಯವರು ಕ್ಯೂಆರ್ ಕೋಡ್ ಮೇಲೆ ಬಿಸ್ಕತ್ ಡಬ್ಬದ ರಟ್ಟು ಅಂಟಿಸಿಬಿಟ್ಟಿದ್ದರು. ರಟ್ಟಿನ ಹಿಂದೆ ಸೌಂಡ್ ಬಾಕ್ಸ್ ಹಸಿರು ದೀಪ ಮಿಣುಕಿಸುತ್ತಾ ಸುಮ್ಮನೆ ಕೂತಿತ್ತು.

ಬ್ಯಾಂಕ್ ಷೇರಿಗೆ ಪೆಟ್ಟೇನೂ ಬೀಳಲಿಲ್ಲ, ಯಾಕೆ ಅಂತ ಹಿಂದಿನ ಉತ್ತರದಲ್ಲೇ ಇದೆ. ಆದರೆ ಆ ರಟ್ಟು ಮುಚ್ಚಿದ್ದು ಬೇರೆ ಒಂದನ್ನು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಿಂದ ಹಿಡಿದು ಜಮಾ ಮಾಡಿಕೊಳ್ಳುತ್ತಿದ್ದರು. ದಿನಾ ಹೋಗುವವರಿಗೆ ಯಾರ ಅಂಗಡಿ ಓಡುತ್ತಿದೆ, ಯಾರದ್ದು ಕುಂಟುತ್ತಿದೆ ಅಂತ ಗೊತ್ತಿರುತ್ತಿತ್ತು. ಸಾಲ ಕೊಡುವಾಗ ಅದಕ್ಕಿಂತ ಒಳ್ಳೆ ಮಾಹಿತಿ ಏನಿದೆ? ಈಗ ಆ ಕೆಲಸ ಕ್ಯೂಆರ್ ಕೋಡ್ ಮಾಡುತ್ತಿದೆ. ವ್ಯಾಪಾರಿ ನಗದಿಗೆ ಮರಳಿದರೆ ಬ್ಯಾಂಕಿಗೆ ತಪ್ಪುವುದು ಈ ಜಾಡು.

## ಲೆಕ್ಕದ ಪ್ರಶ್ನೆಗಳು

"ಡಿಜಿಟಲ್ ಆದ್ರೆ ಲಾಭ ಎಲ್ಲಿಂದ ಬರುತ್ತೆ? ಸ್ವಲ್ಪ ಬಿಡಿಸಿ ಹೇಳಿ."

ಒಂದು ಕಾಲ್ಪನಿಕ ಬ್ಯಾಂಕ್ ತಗೊಳ್ಳಿ. ಅದರ ಹತ್ತಿರ 100 ರೂಪಾಯಿ ಆಸ್ತಿ ಇದೆ, ಅಂದರೆ ಕೊಟ್ಟ ಸಾಲ, ಸರ್ಕಾರಿ ಬಾಂಡು ಎಲ್ಲ ಸೇರಿ. ವರ್ಷಕ್ಕೆ ಬಡ್ಡಿ ಬಂದಿದ್ದು 8 ರೂಪಾಯಿ, ಠೇವಣಿದಾರರಿಗೆ ಕೊಟ್ಟಿದ್ದು 5. ಉಳಿದಿದ್ದು 3. ಶುಲ್ಕ, ಕಮಿಷನ್ನು ಅಂತ ಇನ್ನೊಂದು ರೂಪಾಯಿ. ಒಟ್ಟು 4.

ಇದರಲ್ಲಿ ಸಂಬಳ, ಬಾಡಿಗೆ, ಕಂಪ್ಯೂಟರ್ ಅಂತ 2 ರೂಪಾಯಿ ಹೋಯಿತು. ವಸೂಲಾಗದ ಸಾಲಕ್ಕೆ ಅಂತ ಎತ್ತಿಟ್ಟಿದ್ದು 50 ಪೈಸೆ. ಉಳಿದ ಒಂದೂವರೆಯಲ್ಲಿ ಕಾಲು ಭಾಗ ತೆರಿಗೆ. ಕೈಗೆ ಸಿಕ್ಕಿದ್ದು 1.12 ರೂಪಾಯಿ. 100 ರೂಪಾಯಿಯಲ್ಲಿ ಷೇರುದಾರರ ಸ್ವಂತ ಬಂಡವಾಳ ಹನ್ನೆರಡರಲ್ಲಿ ಒಂದು ಪಾಲು ಅಂತಿಟ್ಟುಕೊಳ್ಳಿ. ಬಂಡವಾಳದ ಮೇಲೆ ಬಂದ ಆದಾಯ, ಪೇಟೆಯವರು ಆರ್‌ಒಇ ಅನ್ನುವುದು, ಶೇ 13.5.

ಈಗ ತಂತ್ರಜ್ಞಾನ ಚೆನ್ನಾಗಿ ಕೆಲಸ ಮಾಡಿ ಖರ್ಚು 2 ರೂಪಾಯಿಯಿಂದ 1.80ಕ್ಕೆ ಇಳಿಯಿತು. ಆರ್‌ಒಇ ಶೇ 15.3ಕ್ಕೆ ಏರುತ್ತದೆ. ಬರೀ 20 ಪೈಸೆಗೆ ಇಷ್ಟು! ಬ್ಯಾಂಕಿನ ಆಡಳಿತದವರು ಟೆಕ್ನಾಲಜಿ ಟೆಕ್ನಾಲಜಿ ಅಂತ ಜಪ ಮಾಡುವುದು ಇದಕ್ಕೇ.

ಆದರೆ ಅದೇ ಬ್ಯಾಂಕಿನಲ್ಲಿ ಕೆಟ್ಟ ಸಾಲಕ್ಕೆ ಎತ್ತಿಡುವ ದುಡ್ಡು 50 ಪೈಸೆಯಿಂದ ಒಂದೂವರೆ ರೂಪಾಯಿಗೆ ಏರಿತು ಅನ್ನಿ. ಆರ್‌ಒಇ ಶೇ 4.5ಕ್ಕೆ ಬಂದು ಕೂರುತ್ತದೆ. ಹಲವು ವರ್ಷ ಕಷ್ಟಪಟ್ಟು ತಂತ್ರಜ್ಞಾನದಿಂದ ಉಳಿಸಿದ್ದನ್ನು ಕೆಟ್ಟ ಸಾಲ ಒಂದೇ ವರ್ಷದಲ್ಲಿ ನುಂಗಿಹಾಕುತ್ತದೆ. ಅದಕ್ಕೇ ನಾನು ಆ್ಯಪ್‌ಗಿಂತ ಮೊದಲು ಸಾಲದ ಪುಸ್ತಕ ನೋಡುವುದು.

"ಆರ್‌ಒಇ ಎರಡು ಅಂಶ ಜಾಸ್ತಿ ಆದ್ರೆ ಷೇರು ಯಾಕೆ ಅಷ್ಟೊಂದು ಕುಣಿಯುತ್ತೆ?"

ಬ್ಯಾಂಕ್ ಷೇರನ್ನು ಅಳೆಯುವುದು ಹೆಚ್ಚಾಗಿ ಪುಸ್ತಕ ಮೌಲ್ಯದ, ಅಂದರೆ ಲೆಕ್ಕಪತ್ರದಲ್ಲಿರುವ ಷೇರುದಾರರ ಸ್ವಂತ ಬಂಡವಾಳದ, ಎಷ್ಟು ಪಟ್ಟು ಅಂತ. ಅದಕ್ಕೊಂದು ಸರಳ ಸೂತ್ರ ಇದೆ. ಆರ್‌ಒಇಯಿಂದ ಬೆಳವಣಿಗೆ ದರ ಕಳೆಯಿರಿ. ಹೂಡಿಕೆದಾರ ನಿರೀಕ್ಷಿಸುವ ಆದಾಯದಿಂದಲೂ ಅದೇ ಬೆಳವಣಿಗೆ ದರ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಹೂಡಿಕೆದಾರ ಶೇ 12 ನಿರೀಕ್ಷಿಸುತ್ತಾನೆ, ಬ್ಯಾಂಕ್ ಶೇ 8ರಂತೆ ಬೆಳೆಯುತ್ತದೆ ಅಂತಿಟ್ಟುಕೊಳ್ಳಿ. ಆರ್‌ಒಇ 16 ಇದ್ದರೆ 8 ಭಾಗಿಸು 4, ಅಂದರೆ ಪುಸ್ತಕ ಮೌಲ್ಯದ ಎರಡು ಪಟ್ಟು. ಆರ್‌ಒಇ 12 ಇದ್ದರೆ ಒಂದು ಪಟ್ಟು. 10 ಇದ್ದರೆ ಅರ್ಧ. ಆರ್‌ಒಇ 16ರಿಂದ 10ಕ್ಕೆ ಇಳಿದರೆ ಬೆಲೆ ನಾಲ್ಕನೇ ಒಂದು ಭಾಗಕ್ಕೆ ಬರುತ್ತದೆ. ನಿಜ ಜೀವನದಲ್ಲಿ ಇಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ, ಆದರೆ ದಿಕ್ಕು ಇದೇ. ಈ ಲಾಭ ನಾಳೆಯೂ ಉಳಿಯುತ್ತದೆ ಅಂತ ಪೇಟೆಗೆ ನಂಬಿಕೆ ಬರಬೇಕು, ಅದೊಂದು ಷರತ್ತು.

"ಖರ್ಚು ಉಳಿಯುತ್ತೆ ಅಂತಾರೆ. ಆದ್ರೆ ಬ್ಯಾಂಕುಗಳ ಖರ್ಚು ವರ್ಷಾವರ್ಷ ಏರ್ತಾನೇ ಇದೆಯಲ್ಲ?"

ಹೌದು, ಯಾಕೆಂದರೆ ಹಳೆಯದನ್ನು ಬಿಡದೆ ಹೊಸದನ್ನು ಸೇರಿಸುತ್ತಿದ್ದಾರೆ. ಎಸ್‌ಬಿಐನ ವ್ಯವಹಾರಗಳಲ್ಲಿ ಶೇ 97ಕ್ಕೂ ಜಾಸ್ತಿ ಶಾಖೆಯ ಹೊರಗೇ ನಡೆಯುತ್ತವೆ. ಆದರೂ ಅದಕ್ಕೆ 22,000ಕ್ಕೂ ಹೆಚ್ಚು ಶಾಖೆಗಳಿವೆ. ಎಚ್‌ಡಿಎಫ್‌ಸಿ ಬ್ಯಾಂಕ್ ಕೂಡ ಶಾಖೆ ತೆರೆಯುತ್ತಲೇ ಹೋಗಿ 2025ರ ಮಾರ್ಚ್ ಹೊತ್ತಿಗೆ 9,000 ದಾಟಿತು.

ಇದು ದಡ್ಡತನ ಅಲ್ಲ. ನಾನು ತಿಂಗಳಿಗೊಮ್ಮೆ ಅಮ್ಮನ ಪಾಸ್‌ಬುಕ್ ಎಂಟ್ರಿ ಹಾಕಿಸಲು ಒಂದು ಶಾಖೆಗೆ ಹೋಗುತ್ತೇನೆ. ಪಾಸ್‌ಬುಕ್ ಯಂತ್ರದ ಮುಂದೆ ಹತ್ತು ಜನ, ಎಲ್ಲರೂ ಅರವತ್ತು ದಾಟಿದವರು. ಯಂತ್ರ ಬಾರ್‌ಕೋಡ್ ಓದದೆ ಪುಸ್ತಕವನ್ನು ಉಗುಳುತ್ತದೆ. ಇವರು ಒರೆಸಿ ಮತ್ತೆ ತುರುಕುತ್ತಾರೆ. ಆ ಹತ್ತು ಜನರ ಹೆಸರಲ್ಲಿ ಇರುವ ನಿಶ್ಚಿತ ಠೇವಣಿಯನ್ನು ನನ್ನ ಓರಗೆಯ ನೂರು ಜನ ಆ್ಯಪ್ ಗ್ರಾಹಕರು ಸೇರಿಸಿದರೂ ಮುಟ್ಟುವುದು ಕಷ್ಟ. ಠೇವಣಿ ಇನ್ನೂ ಮುಖ ನೋಡಿ ಬರುವ ದುಡ್ಡು. ಹಾಗಾಗಿ ಬ್ಯಾಂಕ್ ಎರಡೂ ಸಂಸಾರ ನಡೆಸುತ್ತದೆ, ಎರಡರ ಖರ್ಚೂ ಹೊರುತ್ತದೆ.

ಒಟ್ಟು ಖರ್ಚು ಏರಿತು ಅಂತ ಹೆದರಬೇಡಿ. 100 ರೂಪಾಯಿ ಆದಾಯಕ್ಕೆ ಎಷ್ಟು ಖರ್ಚಾಯಿತು ಅನ್ನೋ ಅನುಪಾತ ನಾಲ್ಕೈದು ವರ್ಷದಲ್ಲಿ ಇಳಿದಿದೆಯಾ ನೋಡಿ.

"ವಾರ್ಷಿಕ ವರದಿಯಲ್ಲಿ ಟೆಕ್ನಾಲಜಿ ಖರ್ಚು ಎಲ್ಲಿರುತ್ತೆ? ಹುಡುಕಿ ಸಾಕಾಯ್ತು."

ಒಂದೇ ಸಾಲಿನಲ್ಲಿ ಸಿಗುವುದಿಲ್ಲ. ಭಾರತದ ಬ್ಯಾಂಕುಗಳ ಲೆಕ್ಕಪತ್ರದಲ್ಲಿ ನಿರ್ವಹಣಾ ವೆಚ್ಚ ಬರುವುದು 16ನೇ ಅನುಸೂಚಿಯಲ್ಲಿ. ಅಲ್ಲಿ ಸಂಬಳ, ಬಾಡಿಗೆ, ಜಾಹೀರಾತು, ಸವಕಳಿ ಎಲ್ಲಕ್ಕೂ ಸಾಲುಗಳಿವೆ. ಮುದ್ರಣ ಮತ್ತು ಲೇಖನ ಸಾಮಗ್ರಿಗೂ ಒಂದು ಸಾಲಿದೆ. ಟೆಕ್ನಾಲಜಿಗೆ ಇಲ್ಲ! ಅದು 'ಇತರ ವೆಚ್ಚ'ದಲ್ಲಿ ಸ್ವಲ್ಪ, ಸವಕಳಿಯಲ್ಲಿ ಸ್ವಲ್ಪ, ಎಂಜಿನಿಯರುಗಳ ಸಂಬಳದಲ್ಲಿ ಸ್ವಲ್ಪ ಹಂಚಿಹೋಗಿರುತ್ತದೆ. ಫಲಿತಾಂಶದ ನಂತರ ವಿಶ್ಲೇಷಕರ ಜೊತೆ ನಡೆಯುವ ಕಾನ್‌ಕಾಲ್‌ನ ಪಠ್ಯ ಬ್ಯಾಂಕಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಒಟ್ಟು ಖರ್ಚಿನಲ್ಲಿ ಟೆಕ್ನಾಲಜಿ ಪಾಲೆಷ್ಟು ಅಂತ ಕೇಳುವವರು ಅಲ್ಲಿ ಇದ್ದೇ ಇರುತ್ತಾರೆ.

## ಷೇರು ಬಿದ್ದ ದಿನಗಳು

"ಆರ್‌ಬಿಐ ಒಂದು ಆದೇಶಕ್ಕೆ ಕೋಟಕ್ ಷೇರು ಅಷ್ಟು ಬಿತ್ತು. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಆಗ ಏನೂ ಆಗ್ಲಿಲ್ಲ. ಯಾಕೆ?"

ಎರಡೂ ತಂತ್ರಜ್ಞಾನದ ಲೋಪಕ್ಕೇ ಬಂದ ಆದೇಶ. ಎಚ್‌ಡಿಎಫ್‌ಸಿ ಬ್ಯಾಂಕಿಗೆ 2020ರ ಡಿಸೆಂಬರ್ ಆರಂಭದಲ್ಲಿ, ಪದೇ ಪದೇ ಸೇವೆ ನಿಂತಿದ್ದಕ್ಕೆ. ಹೊಸ ಡಿಜಿಟಲ್ ಯೋಜನೆ ಬೇಡ, ಹೊಸ ಕ್ರೆಡಿಟ್ ಕಾರ್ಡ್ ಬೇಡ ಅಂತ. ಕೋಟಕ್ ಮಹೀಂದ್ರಕ್ಕೆ 2024ರ ಏಪ್ರಿಲ್ 24ರಂದು. ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನೇ ಸೇರಿಸಿಕೊಳ್ಳಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡಬೇಡಿ ಅಂತ.

ವ್ಯತ್ಯಾಸ ಇರುವುದು ಇಲ್ಲೇ. ಎಚ್‌ಡಿಎಫ್‌ಸಿಗೆ ಶಾಖೆಯಿಂದ ಗ್ರಾಹಕರು ಬರುತ್ತಲೇ ಇದ್ದರು. ಕೋಟಕ್ 2017ರಿಂದ 811 ಅನ್ನೋ ಡಿಜಿಟಲ್ ಖಾತೆಯ ಬೆನ್ನೇರಿಯೇ ಗ್ರಾಹಕರ ಸಂಖ್ಯೆ ಬೆಳೆಸಿತ್ತು. ಆರ್‌ಬಿಐ ಕೈ ಇಟ್ಟಿದ್ದು ಸರಿಯಾಗಿ ಆ ಎಂಜಿನ್ ಮೇಲೆ. ಮರುದಿನ ಷೇರು ಶೇ 10ಕ್ಕಿಂತ ಜಾಸ್ತಿ ಬಿತ್ತು. ಅದೇ ದಿನ ಒಳ್ಳೆ ಫಲಿತಾಂಶದ ಬಲದಲ್ಲಿ ಏರಿದ ಆ್ಯಕ್ಸಿಸ್ ಬ್ಯಾಂಕ್ ಮಾರುಕಟ್ಟೆ ಮೌಲ್ಯದಲ್ಲಿ ಕೋಟಕನ್ನು ಹಿಂದಿಕ್ಕಿತು. ನಿರ್ಬಂಧ ತೆಗೆದಿದ್ದು 2025ರ ಫೆಬ್ರುವರಿಯಲ್ಲಿ.

ಇನ್ನು ಎಚ್‌ಡಿಎಫ್‌ಸಿ ಬ್ಯಾಂಕಿಗೆ ಏನೂ ಆಗಲಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಆ ದಿನ ಸ್ವಲ್ಪವೇ ಬಿತ್ತು, ಸರಿ. ಆದರೆ ನಿರ್ಬಂಧ ಪೂರ್ತಿ ಹೋದ 2022ರ ಮಾರ್ಚ್‌ನಲ್ಲೂ ಷೇರು ಹೆಚ್ಚುಕಮ್ಮಿ 1,400ರಲ್ಲೇ, ಹೊರಟಲ್ಲೇ ಇತ್ತು. ಅದೇ ಹದಿನೈದು ತಿಂಗಳಲ್ಲಿ ಐಸಿಐಸಿಐ ಬ್ಯಾಂಕ್ ಷೇರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿತ್ತು. ಐಸಿಐಸಿಐ ಏರಿದ್ದಕ್ಕೆ ಹಳೇ ಕೆಟ್ಟ ಸಾಲ ತೊಳೆದುಕೊಂಡಿದ್ದೂ ಕಾರಣ, ಎಲ್ಲವನ್ನೂ ಆರ್‌ಬಿಐ ತಲೆಗೆ ಕಟ್ಟಲಾಗದು. ಕೆಲವು ಪೆಟ್ಟು ಒಂದು ದಿನದಲ್ಲಿ ಕಾಣುತ್ತದೆ, ಕೆಲವು ಬೆಳೆಯದೇ ಉಳಿದ ವರ್ಷದಲ್ಲಿ ಕಾಣುತ್ತದೆ.

"ಯೆಸ್ ಬ್ಯಾಂಕ್ ಟೆಕ್ನಾಲಜಿಯಲ್ಲಿ ಎಲ್ಲರಿಗಿಂತ ಮುಂದಿತ್ತಲ್ಲ ಸಾರ್, ಆದ್ರೂ ಯಾಕೆ ಮುಳುಗ್ತು?"

ಫೋನ್‌ಪೇಯ ಯುಪಿಐ ಓಡುತ್ತಿದ್ದದ್ದೇ ಯೆಸ್ ಬ್ಯಾಂಕಿನ ಬೆನ್ನ ಮೇಲೆ. 2020ರ ಮಾರ್ಚ್ 5ರ ಸಂಜೆ ಬ್ಯಾಂಕಿನ ಮೇಲೆ ಮೊರಟೋರಿಯಂ ಬಿತ್ತು, 50,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ. ಆ ರಾತ್ರಿ ಫೋನ್‌ಪೇಯೂ ನಿಂತುಹೋಯಿತು. ಬ್ಯಾಂಕ್ ಎಷ್ಟು ಮುಂದಿತ್ತು ಅನ್ನೋದು ದೇಶಕ್ಕೆ ಸರಿಯಾಗಿ ಗೊತ್ತಾಗಿದ್ದು ಅದು ಬಿದ್ದ ರಾತ್ರಿ.

ಮುಳುಗಿಸಿದ್ದು ದೊಡ್ಡ ದೊಡ್ಡ ಕಂಪನಿಗಳಿಗೆ ಕೊಟ್ಟ ಸಾಲ. 2019-20ರಲ್ಲಿ ನಷ್ಟ 16,418 ಕೋಟಿ. 2018ರ ಆಗಸ್ಟ್‌ನಲ್ಲಿ 400ರ ಹತ್ತಿರ ಇದ್ದ ಷೇರು 2020ರ ಮಾರ್ಚ್ 6ರಂದು ಒಂದೇ ದಿನ ಶೇ 56 ಬಿದ್ದು 16 ರೂಪಾಯಿ ಚಿಲ್ಲರೆಗೆ ನಿಂತಿತು. ಎಸ್‌ಬಿಐ ಮುಂದೆ ನಿಂತು ಎತ್ತಿ ಹಿಡಿದ ಮೇಲೂ ಯುಪಿಐನಲ್ಲಿ ಯೆಸ್ ಬ್ಯಾಂಕಿನ ಪಾತ್ರ ದೊಡ್ಡದಾಗಿಯೇ ಉಳಿಯಿತು. ಷೇರು ಮಾತ್ರ ಹಳೇ ಎತ್ತರ ಕಾಣಲಿಲ್ಲ.

"ಆ್ಯಪ್ ಒಂದು ದಿನ ಕೈಕೊಟ್ಟರೆ ಷೇರು ಮಾರ್ಬೇಕಾ?"

ಬೇಡ. ನನ್ನ ಬ್ಯಾಂಕಿನ ಆ್ಯಪ್ ಒಮ್ಮೆ ಮನೆ ಬಾಡಿಗೆ ಕಟ್ಟುವ ದಿನವೇ ಸಂಜೆವರೆಗೂ ಸತ್ತುಬಿದ್ದಿತ್ತು. ಸಿಟ್ಟು ಬಂತು, ಷೇರು ಅಲುಗಲಿಲ್ಲ. ಪದೇ ಪದೇ ನಿಂತರೆ ಮಾತ್ರ ಗಮನ ಕೊಡಿ, ಆರ್‌ಬಿಐ ಬಾಗಿಲು ತಟ್ಟುವುದು ಆಗಲೇ.

"'ಇಷ್ಟು ಕೋಟಿ ಜನ ನಮ್ಮ ಆ್ಯಪ್ ಬಳಸ್ತಾರೆ' ಅಂತಾರಲ್ಲ, ಆ ಸಂಖ್ಯೆ ನಂಬಬಹುದಾ?"

ಪೂರ್ತಿ ನಂಬಬೇಡಿ. ಆ್ಯಪ್ ನೋಂದಣಿ ಅನ್ನೋದು ಶಾಖೆಗಳಿಗೆ ಟಾರ್ಗೆಟ್ ಆದ ದಿನದಿಂದ ಆ ಅಂಕಿಯ ಅರ್ಥ ಕೆಡುತ್ತದೆ. 2023ರ ಅಕ್ಟೋಬರ್ 10ರಂದು ಆರ್‌ಬಿಐ, ಬ್ಯಾಂಕ್ ಆಫ್ ಬರೋಡಾದ ಬಾಬ್ ವರ್ಲ್ಡ್ ಆ್ಯಪ್‌ಗೆ ಹೊಸ ಗ್ರಾಹಕರನ್ನು ಸೇರಿಸುವುದನ್ನು ನಿಲ್ಲಿಸಿತು. ಸೇರಿಸಿಕೊಂಡ ರೀತಿಯೇ ಸರಿಯಿಲ್ಲ ಅನ್ನೋದು ಆಕ್ಷೇಪ. ನಿರ್ಬಂಧ ತೆಗೆದಿದ್ದು 2024ರ ಮೇನಲ್ಲಿ. ನೋಂದಾಯಿಸಿದವರು ಎಷ್ಟು ಅನ್ನೋದಕ್ಕಿಂತ ತಿಂಗಳಲ್ಲಿ ಒಮ್ಮೆಯಾದರೂ ಬಳಸುವವರು ಎಷ್ಟು, ಆ್ಯಪ್ ಮೂಲಕ ಹೋದ ಸಾಲ ಎಷ್ಟು ವಾಪಸ್ ಬರುತ್ತಿದೆ ಅಂತ ಕೇಳಿ.

## ಸ್ವಲ್ಪ ಆಳಕ್ಕೆ

"ಡಿಜಿಟಲ್ ಆಗಿದ್ದಕ್ಕೆ ಲಾಭ ಬಂತೋ, ಲಾಭ ಇದ್ದಿದ್ದಕ್ಕೆ ಡಿಜಿಟಲ್ ಆದ್ರೋ?"

ಮೈಸೂರಿನ ಕಾಲೇಜೊಂದರ ವಿದ್ಯಾರ್ಥಿನಿಯ ಪತ್ರದಲ್ಲಿದ್ದ ಪ್ರಶ್ನೆ. ಇದಕ್ಕೆ ನೇರ ಉತ್ತರ ಇಲ್ಲ.

ಸಿಂಗಪುರದ ಡಿಬಿಎಸ್ ಬ್ಯಾಂಕ್ 2017ರಲ್ಲಿ ಹೂಡಿಕೆದಾರರ ಮುಂದೆ ಡಿಜಿಟಲ್ ಗ್ರಾಹಕರದ್ದೂ ಹಳೇ ರೀತಿಯ ಗ್ರಾಹಕರದ್ದೂ ಲೆಕ್ಕ ಬೇರೆ ಬೇರೆ ಮಾಡಿ ಇಟ್ಟಿತು. ಡಿಜಿಟಲ್ ಗ್ರಾಹಕರಿಂದ ಬರುವ ಆರ್‌ಒಇ ಸುಮಾರು 9 ಶೇಕಡಾ ಅಂಶ ಜಾಸ್ತಿ. ಓದಿದವರೆಲ್ಲ ಆಹಾ ಅಂದರು. ಆದರೆ ಮೊದಲು ಆ್ಯಪ್‌ಗೆ ಬರುವವರು ಯಾರು? ವಯಸ್ಸು ಚಿಕ್ಕದು, ಸಂಬಳ ದೊಡ್ಡದು. ಅವರು ಚೀಟಿ ಬರೆದು ಕೌಂಟರಿಗೆ ಬಂದರೂ ಬ್ಯಾಂಕಿಗೆ ಲಾಭವೇ. ಎಷ್ಟು ಭಾಗ ಆ್ಯಪಿನ ಮಹಿಮೆ, ಎಷ್ಟು ಭಾಗ ಗ್ರಾಹಕರ ಮಹಿಮೆ ಅಂತ ಬಿಡಿಸುವುದು ಕಷ್ಟ.

ನಮ್ಮ ಸರ್ಕಾರಿ ಬ್ಯಾಂಕುಗಳ ಕತೆ ಇನ್ನೂ ಗೋಜಲು. 2017-18ರಲ್ಲಿ ಎಲ್ಲ ಸೇರಿ 85,000 ಕೋಟಿಗೂ ಹೆಚ್ಚು ನಷ್ಟ. 2024-25ರಲ್ಲಿ ಲಾಭ ಸುಮಾರು 1.78 ಲಕ್ಷ ಕೋಟಿ. ಈ ನಡುವೆ ಆ್ಯಪ್‌ಗಳು ಬಂದವು, ಯುಪಿಐ ಬಂತು. ಜೊತೆಗೆ 2015ರಲ್ಲಿ ಆರ್‌ಬಿಐ ಶುರು ಮಾಡಿದ ಸಾಲಗಳ ಗುಣಮಟ್ಟ ಪರಿಶೀಲನೆ, 2016ರ ದಿವಾಳಿ ಕಾಯಿದೆ, ಸರ್ಕಾರ ಹಾಕಿದ ಬಂಡವಾಳ, ಸಿಂಡಿಕೇಟು, ವಿಜಯಾ, ಕಾರ್ಪೊರೇಷನ್ನು ಎಲ್ಲ ಕರಗಿಹೋದ ವಿಲೀನಗಳು. ಲಾಭದ ಬಹುಭಾಗ ಬಂದಿದ್ದು ಕೆಟ್ಟ ಸಾಲ ತಗ್ಗಿದ್ದರಿಂದ ಅನ್ನೋದು ನನ್ನ ಅಂದಾಜು. ತಂತ್ರಜ್ಞಾನದ್ದು ಎರಡನೇ ಜಾಗ.

ಆ ವಿದ್ಯಾರ್ಥಿನಿಗೆ ನಾನು ಬರೆದಿದ್ದು ಇಷ್ಟು: ಆರ್‌ಬಿಐ ನಿರ್ಬಂಧಗಳನ್ನೇ ಪ್ರಯೋಗ ಅಂತ ತಗೋ. ಸಾಲದ ಪುಸ್ತಕ ಅದೇ, ಗ್ರಾಹಕರು ಅವರೇ, ಡಿಜಿಟಲ್ ಬಾಗಿಲು ಮಾತ್ರ ರಾತ್ರೋರಾತ್ರಿ ಮುಚ್ಚಿದೆ. ಅಂಥ ದಿನಗಳಲ್ಲಿ ಷೇರು ಎಷ್ಟು ಬಿತ್ತೋ ಅದು ಆ ಬಾಗಿಲಿಗೆ ಪೇಟೆ ಕಟ್ಟಿದ ಬೆಲೆಗೆ ಹತ್ತಿರ ಇರುತ್ತದೆ.

"ಎರಡು ನಿಮಿಷದಲ್ಲಿ ಸಾಲ ಕೊಡೋ ಬ್ಯಾಂಕ್ ಷೇರುದಾರರಿಗೆ ಒಳ್ಳೆಯದಾ?"

ಮೊದಲ ವರ್ಷ ಬಹಳ ಒಳ್ಳೆಯದು. ಸಾಲ ಬೆಳೆಯುತ್ತದೆ, ಬಡ್ಡಿ ಜಾಸ್ತಿ, ಕಂತು ಎಲ್ಲರೂ ಕಟ್ಟುತ್ತಿರುತ್ತಾರೆ. ಕೆಡುವ ಸಾಲ ಕಾಣಿಸಿಕೊಳ್ಳುವುದು ತಡವಾಗಿ. ಅಡಮಾನ ಇಲ್ಲದ ಸಾಲ ವೇಗವಾಗಿ ಬೆಳೆಯುತ್ತಿದೆ ಅಂತ ಆರ್‌ಬಿಐ 2023ರ ನವೆಂಬರ್ 16ರಂದು ಅಂಥ ಗ್ರಾಹಕ ಸಾಲಗಳ ಅಪಾಯದ ತೂಕವನ್ನು ಶೇ 100ರಿಂದ 125ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಬ್ಯಾಂಕ್ ಜಾಸ್ತಿ ಬಂಡವಾಳ ಎತ್ತಿಡಬೇಕು, ಆರ್‌ಒಇ ತಗ್ಗುತ್ತದೆ. ಮರುದಿನವೇ ಪೇಟೆಯಲ್ಲಿ ಬ್ಯಾಂಕ್ ಷೇರುಗಳು ಇಳಿದವು.

"ಆ್ಯಪ್ ಇದ್ರೆ ಠೇವಣಿ ಓಡಿಹೋಗೋದೂ ಸುಲಭ ಅಲ್ವಾ?"

ಹೌದು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ 2023ರ ಮಾರ್ಚ್ 9ರಂದು ಒಂದೇ ದಿನ 42 ಬಿಲಿಯನ್ ಡಾಲರ್ ಹೊರಗೆ ಹೋಯಿತು. ಬಾಗಿಲ ಮುಂದೆ ಸಾಲು ನಿಲ್ಲುವ ಮೊದಲೇ ಬ್ಯಾಂಕ್ ಖಾಲಿ.

ನಮ್ಮಲ್ಲಿ ಇದರ ಬೆಲೆ ಬೇರೆ ರೀತಿ ಕಾಣುತ್ತದೆ. ಮೊಬೈಲ್ ಬ್ಯಾಂಕಿಂಗ್ ಇರುವ ಠೇವಣಿ ಬೇಗ ಹೋಗಬಹುದು, ಅದಕ್ಕೆ ಶೇ 5ರಷ್ಟು ಹೆಚ್ಚುವರಿ ಲೆಕ್ಕ ಹಿಡಿದು ಆ ಪ್ರಕಾರ ಸರ್ಕಾರಿ ಬಾಂಡು ಇಟ್ಟುಕೊಳ್ಳಿ ಅಂತ ಆರ್‌ಬಿಐ 2024ರ ಜುಲೈನಲ್ಲಿ ಕರಡು ತಂದಿತು. ಬಾಂಡಿನಲ್ಲಿ ಕೂತ ದುಡ್ಡು ಸಾಲವಾಗಿ ಹೋಗುವುದಿಲ್ಲ, ಲಾಭ ಕಮ್ಮಿ. 2025ರ ಏಪ್ರಿಲ್ 21ರ ಅಂತಿಮ ಆದೇಶದಲ್ಲಿ ಅದನ್ನು ಶೇ 2.5ಕ್ಕೆ ಇಳಿಸಿ, 2026ರ ಏಪ್ರಿಲ್‌ನಿಂದ ಜಾರಿ ಅಂದಾಗ ಬ್ಯಾಂಕುಗಳು ನಿಟ್ಟುಸಿರು ಬಿಟ್ಟವು. ಆ್ಯಪ್‌ಗೆ ಒಂದು ಖರ್ಚಿದೆ ಅಂತ ನಿಯಮದಲ್ಲೇ ಬರೆದಂತಾಯಿತು.

"ನಮ್ಮ ಕರ್ಣಾಟಕ ಬ್ಯಾಂಕ್ ಥರದ ಸಣ್ಣ ಬ್ಯಾಂಕಿಗೆ ಇದೆಲ್ಲ ಕಟ್ಟುತ್ತಾ?"

ಕರಾವಳಿಯವರ ಪ್ರಶ್ನೆ, ಹತ್ತರಲ್ಲಿ ಎರಡು ಪತ್ರ ಇದೇ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು. ಲಾಭ 2023-24ರಲ್ಲಿ 1,306 ಕೋಟಿ, 2024-25ರಲ್ಲಿ 1,272 ಕೋಟಿ. ತೊಂದರೆ ಏನೆಂದರೆ ಸಾಫ್ಟ್‌ವೇರು, ಸೈಬರ್ ಭದ್ರತೆ, ಎರಡನೇ ಡೇಟಾ ಸೆಂಟರ್ ಇವುಗಳ ಖರ್ಚು ಬ್ಯಾಂಕಿನ ಗಾತ್ರ ನೋಡಿ ಇಳಿಯುವುದಿಲ್ಲ. ಎಸ್‌ಬಿಐ ಅದನ್ನು 2024-25ರಲ್ಲಿ 70,901 ಕೋಟಿ ಲಾಭದ ಮೇಲೆ ಹರಡಿತು, ಸಣ್ಣ ಬ್ಯಾಂಕು ಸಾವಿರ ಚಿಲ್ಲರೆ ಕೋಟಿಯ ಮೇಲೆ ಹರಡಬೇಕು.

ಇದರ ಷೇರು 2025ರಲ್ಲೂ ಪುಸ್ತಕ ಮೌಲ್ಯಕ್ಕಿಂತ ಸಾಕಷ್ಟು ಕೆಳಗಿತ್ತು. ಮೇಲೆ ಹೇಳಿದ ಸೂತ್ರಕ್ಕೆ ಹಾಕಿದರೆ, ಆಗಿನ ಲಾಭ ಹಾಗೇ ಉಳಿಯುತ್ತದೆ ಅಂತ ಪೇಟೆ ನಂಬಿರಲಿಲ್ಲ ಅಂತ ಅರ್ಥ. 2025ರ ಜೂನ್ ಕೊನೆಗೆ ಆಡಳಿತ ನಿರ್ದೇಶಕರು, ಕಾರ್ಯನಿರ್ವಾಹಕ ನಿರ್ದೇಶಕರು ಇಬ್ಬರೂ ರಾಜೀನಾಮೆ ಕೊಟ್ಟ ಸುದ್ದಿಗೆ ಷೇರು ಇನ್ನಷ್ಟು ಇಳಿಯಿತು. ತಂತ್ರಜ್ಞಾನದ ಕೆಲಸ ಐದಾರು ವರ್ಷದ್ದು. ಮಾಡಿಸುವವರು ನಡುವೆ ಬದಲಾದರೆ ಪೇಟೆ ಮತ್ತೆ ಒಂದರಿಂದ ಎಣಿಸುತ್ತದೆ.

"ಫಲಿತಾಂಶ ಬಂದ ದಿನ ನೀವು ಮೊದಲು ಏನು ನೋಡ್ತೀರಾ?"

ಲಾಭದ ಸಂಖ್ಯೆಯನ್ನಂತೂ ಅಲ್ಲ. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ಶೇ 8ಕ್ಕಿಂತ ಜಾಸ್ತಿ ಬಿದ್ದಾಗ ಲಾಭ ಏರಿಯೇ ಇತ್ತು. ಪೇಟೆಯ ಕಣ್ಣು ಬಡ್ಡಿ ಅಂತರದ ಮೇಲೆ, ಠೇವಣಿ ಸಾಲದಷ್ಟು ವೇಗವಾಗಿ ಬೆಳೆಯುತ್ತಿಲ್ಲ ಅನ್ನೋದರ ಮೇಲೆ ಇತ್ತು.

ನಾನು ಮೊದಲು ನೋಡುವುದು ಆ ಮೂರು ತಿಂಗಳಲ್ಲಿ ಹೊಸದಾಗಿ ಕೆಟ್ಟ ಸಾಲ ಎಷ್ಟು ಅಂತ, ಸ್ಲಿಪೇಜ್ ಅನ್ನುತ್ತಾರೆ. ಆಮೇಲೆ ಒಟ್ಟು ಠೇವಣಿಯಲ್ಲಿ ಉಳಿತಾಯ ಮತ್ತು ಚಾಲ್ತಿ ಖಾತೆಯ ಪಾಲು. ಮೂರನೆಯದು ಆದಾಯಕ್ಕೆ ಖರ್ಚಿನ ಅನುಪಾತ. ಹೂಡಿಕೆದಾರರಿಗೆ ಕೊಡುವ ಸ್ಲೈಡುಗಳಲ್ಲಿ ಆ್ಯಪಿನ ಬಣ್ಣದ ಚಿತ್ರಗಳು ಸಾಮಾನ್ಯವಾಗಿ ಮೊದಲ ಹತ್ತು ಪುಟದಲ್ಲೇ ಬರುತ್ತವೆ. ಸ್ಲಿಪೇಜ್ ಹಿಂದೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾನು ಹಿಂದಿನಿಂದ ಓದಲು ಶುರು ಮಾಡುತ್ತೇನೆ.